ಮೊದಲನೆಯದೋ, ಎರಡನೆಯದೋ

ಬಿರುಕೇ ಇರಬೇಕು. ಅಲ್ಲ, ಕೂದಲು. ಕೂದಲಾಗಿದ್ದರೆ ಊದಿದಾಗ ಹಾರಿಹೋಗಬೇಕಿತ್ತಲ್ಲ? ಎರಡು ಸಲ ಊದಿಯಾಯಿತು. ಹಾಗಾದರೆ ಬಿರುಕೇ. ಆದರೆ ಬಟ್ಟಲನ್ನು ಎಷ್ಟು ತಿರುಗಿಸಿದರೂ ಆ ಗೆರೆ ಇದ್ದಲ್ಲೇ ಇದೆ. ಬಿರುಕಾದರೆ ಬಟ್ಟಲಿನ ಜೊತೆ ತಾನೂ ತಿರುಗಬೇಕು ತಾನೇ? ಅಂದರೆ ಗೆರೆ ಇರುವುದು ಬಟ್ಟಲಿನ ಮೇಲಲ್ಲ, ತನ್ನ ಕನ್ನಡಕದ ಮೇಲೆ.

ಅವನು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡ. ಗೆರೆ ಹೋಗಿತ್ತು. ಅದರ ಬದಲು ಬಟ್ಟಲಿನ ಅಂಚೇ ಮಂಜಾಗಿತ್ತು. ಇನ್ನಷ್ಟು ಹತ್ತಿರ ಹಿಡಿದ. ಇನ್ನಷ್ಟು ಮಂಜಾಯಿತು.

"ಏನ್ ಸೋಡಾ, ಆ ಬಟ್ಟಲಿನ ಕಿವೀಲಿ ಗುಟ್ಟು ಹೇಳ್ತಿದೀಯಾ?" ಪಕ್ಕದ ಮೇಜಿನಿಂದ ಪ್ಯಾಕಿಂಗ್ ಅಕ್ಕ ಕೂಗಿದಳು. ಬಟ್ಟಲುಗಳಿಗೆ ಕಾಗದ ಸುತ್ತಿ ಪೆಟ್ಟಿಗೆಯಲ್ಲಿಡುವುದು ಅವಳ ಕೆಲಸ. ದಪ್ಪ ಕನ್ನಡಕಕ್ಕೆ ಬಿದ್ದ ಸೋಡಾಬುಡ್ಡಿ ಎಂಬ ಅವನ ಅಡ್ಡಹೆಸರನ್ನು ಅರ್ಧಕ್ಕೆ ಕತ್ತರಿಸಿದವಳೂ ಅವಳೇ. ಬುಡ್ಡಿ ಅಂದರೆ ಬೇಜಾರಾಗುತ್ತೆ, ಸೋಡಾ ಅಂದರೆ ಸ್ವಲ್ಪ ಮರ್ಯಾದೆ ಇರುತ್ತೆ ಅಂತ ಅವಳ ಲೆಕ್ಕ.

"ಗುಟ್ಟು ಅದೇ ಹೇಳ್ಬೇಕು ಅಕ್ಕಾ, ಹೇಳ್ತಾ ಇಲ್ಲ," ಎಂದ.

ಅದು ಪಿಂಗಾಣಿ ಕಾರ್ಖಾನೆಯ ಆರಿಸುವ ಮೇಜು. ಒಲೆಯಿಂದ ಬಂದ ಬಟ್ಟಲುಗಳನ್ನು ಅವನು ಒಂದೊಂದಾಗಿ ಎತ್ತಿ ನೋಡಬೇಕು. ಸರಿಯಿದ್ದದ್ದು ಬಲಗಡೆಯ ತಟ್ಟೆಗೆ, ಕೂದಲೆಳೆಯಷ್ಟು ಬಿರುಕಿದ್ದರೂ ಎಡಗಡೆಯ ತಟ್ಟೆಗೆ. ಹದಿನೆಂಟು ವರ್ಷದಿಂದ ಇದೇ ಸ್ಟೂಲು, ಇದೇ ಕಿಟಕಿಯ ಬೆಳಕು. ಅವನ ಕೈಯಿಂದ ಒಡಕು ಬಟ್ಟಲು ಹೊರಗೆ ಹೋದದ್ದೇ ಇಲ್ಲ ಎಂಬ ಹೆಸರಿತ್ತು. ಇತ್ತು. ಈಗ ಎರಡು ತಿಂಗಳಿಂದ ಏನಾಗಿದೆಯೋ ಅವನಿಗೇ ತಿಳಿಯುತ್ತಿರಲಿಲ್ಲ.

ಅಂದು ಮಧ್ಯಾಹ್ನ ಸೂಪರ್‌ವೈಸರ್ ಕಾಗದದ ಪೆಟ್ಟಿಗೆಯೊಂದನ್ನು ತಂದು ಅವನ ಮೇಜಿನ ಮೇಲಿಟ್ಟರು. ಒಳಗೆ ಬಟ್ಟಲಿನ ಚೂರುಗಳು.

"ಹದಿನಾಲ್ಕು," ಎಂದರು. "ಒಂದೇ ಅಂಗಡಿಯಿಂದ ವಾಪಸ್ ಬಂದದ್ದು. ಬಿಸಿ ಚಹಾ ಹುಯ್ದ ಕೂಡ್ಲೇ ಬಾಯಿ ಬಿಟ್ವಂತೆ. ಒಬ್ಬ ಗಿರಾಕಿ ತೊಡೆ ಸುಟ್ಕೊಂಡಿದಾನೆ."

ಅವನು ಒಂದು ಚೂರನ್ನು ಎತ್ತಿಕೊಂಡು ನೋಡಿದ. ಒಡೆದ ಮೇಲೆ ಎಲ್ಲ ಬಿರುಕೂ ಕಾಣುತ್ತದೆ.

"ಕನ್ನಡಕ ಬದಲಾಯಿಸು ಮಾರಾಯ," ಸೂಪರ್‌ವೈಸರ್ ದನಿ ತಗ್ಗಿಸಿದರು. "ಸೋಮವಾರ ನಿನ್ನ ಮುಂದೆ ಇಪ್ಪತ್ತು ಬಟ್ಟಲು ಇಡ್ತೀನಿ. ಒಡಕು ಎಷ್ಟಿವೆ ಅಂತ ನನಗೆ ಗೊತ್ತಿರುತ್ತೆ. ಆರಿಸಿ ಕೊಟ್ಟರೆ ನಿನ್ನ ಸ್ಟೂಲು ನಿನಗೆ. ಇಲ್ಲಾಂದ್ರೆ ಮಣ್ಣು ಕಲಸೋ ಕಡೆ ಹೋಗಬೇಕಾಗುತ್ತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ಮಣ್ಣು ಕಲಸುವ ಕಡೆಗೆ ಹೋದವರು ಐದು ವರ್ಷಕ್ಕೆ ಬೆನ್ನು ಬಾಗಿಸಿಕೊಂಡು ಕೆಮ್ಮುತ್ತ ಮನೆಗೆ ಹೋಗುವುದನ್ನು ಅವನು ನೋಡಿದ್ದ. ನಲವತ್ತೆರಡು ವಯಸ್ಸು, ಆಗಲೇ ಸೊಂಟನೋವು. ಆಗಲಿ ಎಂಬಂತೆ ತಲೆಯಾಡಿಸಿದ.

ಸೂಪರ್‌ವೈಸರ್ ಹೋದ ಮೇಲೆ ಪ್ಯಾಕಿಂಗ್ ಅಕ್ಕ ಹತ್ತಿರ ಬಂದಳು. "ನನಗೊಂದು ಅನ್ಸುತ್ತೆ ಸೋಡಾ. ಅದೇನೋ ಆ ದೆವ್ವದ ಫ್ಯಾನು ತಂದು ಇಲ್ಲಿಟ್ಟ ಮೇಲೆ ನಿನ್ನ ಟಿಣ್ ಟಿಣ್ ನಿಂತುಹೋಯ್ತು ನೋಡು."

"ಯಾವ ಟಿಣ್ ಟಿಣ್?"

"ಅಯ್ಯೋ, ನೀನು ಪ್ರತಿ ಬಟ್ಟಲಿಗೂ ಬೆರಳಲ್ಲಿ ಕುಟ್ತಿದ್ಯಲ್ಲಪ್ಪಾ! ಹದಿನೆಂಟು ವರ್ಷ ನನ್ನ ತಲೆ ಚಿಟ್ಟು ಹಿಡಿಸಿದೀಯಾ."

ಅವನು ಕಕ್ಕಾಬಿಕ್ಕಿಯಾದ. ಹೌದು, ಕುಟ್ಟುತ್ತಿದ್ದ. ಕೈಗೆ ಬಂದ ಬಟ್ಟಲಿಗೆ ಬೆರಳ ಗೆಣ್ಣು ತಾನಾಗಿಯೇ ತಾಗುತ್ತಿತ್ತು. ಸರಿಯಿದ್ದದ್ದು ಟಿಣ್ ಎನ್ನುತ್ತಿತ್ತು, ಬಿರುಕಿದ್ದದ್ದು ಟಪ್ ಎನ್ನುತ್ತಿತ್ತು. ಎರಡು ತಿಂಗಳ ಹಿಂದೆ ಒಲೆಯಿಂದ ತೆಗೆದ ಬಟ್ಟಲು ತಣಿಸುವ ದೊಡ್ಡ ಫ್ಯಾನನ್ನು ಮೇಜಿನ ಪಕ್ಕಕ್ಕೇ ತಂದು ನಿಲ್ಲಿಸಿದ್ದರು. ಅದರ ಗದ್ದಲದಲ್ಲಿ ಟಿಣ್ಣೂ ಇಲ್ಲ, ಟಪ್ಪೂ ಇಲ್ಲ. ಹಾಗಾದರೆ ಇಷ್ಟು ವರ್ಷ ಬಿರುಕನ್ನು ಕಂಡದ್ದು ಯಾರು? ತನ್ನ ಕಣ್ಣೋ, ತನ್ನ ಕಿವಿಯೋ? ಕಿವಿಯೇ ಆದರೆ ಕಣ್ಣು ಇಷ್ಟು ದಿನ ಏನು ಮಾಡುತ್ತಿತ್ತು?

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಒಲೆ ಆರಿಸಿ ಬಂದು ಎದುರಿಗೆ ಕೂತಳು. "ನಾಳೇನೇ ಹೋಗ್ಬನ್ನಿ. ನಾಳೆ ಗುರುವಾರ, ಕೊಟ್ಟರೆ ಶನಿವಾರಕ್ಕೆ ಮಾಡಿಕೊಡ್ತಾರೆ. ಹಾಗೇ ಅಮ್ಮನ್ನೂ ಕರ್ಕೊಂಡು ಹೋಗಿ. ಸೂಜಿಗೆ ದಾರ ಹಾಕೋಕೆ ಅರ್ಧ ಗಂಟೆ ಒದ್ದಾಡಿ, ಸೂಜಿಗೆ ತೂತೇ ಇಟ್ಟಿಲ್ಲ ಅಂತ ಅಂಗಡಿಯವನ್ನ ಬೈಕೊಂಡು ಬಂದಿದಾರೆ."

"ತೂತು ಇರಲಿಲ್ಲ ಕಣೇ," ಅತ್ತೆ ಒಳಗಿನ ಕೋಣೆಯಿಂದಲೇ ಹೇಳಿದರು. "ಅಳಿಯಂದ್ರೇ, ನನ್ನ ಕಣ್ಣು ಗಟ್ಟಿಯಾಗಿದೆ. ನಿಮ್ಮ ಜೊತೆಗೆ ಬೇಕಾದ್ರೆ ಬರ್ತೀನಿ, ನೀವು ರಸ್ತೆ ದಾಟೋವಾಗ ಕೈ ಹಿಡ್ಕೊಳ್ಳೋಕೆ."

ಹೆಂಡತಿ ಮಡಿಲಲ್ಲಿದ್ದ ಎರಡು ಬಟ್ಟೆಯ ತುಂಡುಗಳನ್ನು ಎತ್ತಿ ಹಿಡಿದಳು. "ಅಂದ ಹಾಗೆ, ಕಿಟಕಿ ಪರದೆಗೆ ಇದು ಚೆಂದವೋ, ಇದೋ?"

"ಎರಡನೇದು," ಎಂದ.

"ನೀವು ಯಾವತ್ತೂ ಎರಡನೇದೇ ಹೇಳೋದು," ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದ.

ಅದು ಹನ್ನೊಂದನೇ ವಯಸ್ಸಿನಿಂದ ಬಂದ ಅಭ್ಯಾಸ. ಶಾಲೆಯ ಕಪ್ಪುಹಲಗೆ ಕಾಣುವುದಿಲ್ಲವೆಂದು ಅಪ್ಪ ಅವನನ್ನು ಕನ್ನಡಕದಂಗಡಿಗೆ ಕರೆದುಕೊಂಡು ಹೋಗಿದ್ದರು. ಅಂಗಡಿಯವರಿಗೆ ಊರೆಲ್ಲ ಕನ್ನಡಕದ ಮೇಷ್ಟ್ರು ಎನ್ನುತ್ತಿತ್ತು, ಗೋಡೆಯ ಅಕ್ಷರಗಳನ್ನು ಕೋಲಿನಿಂದ ತೋರಿಸಿ ಓದಿಸುತ್ತಿದ್ದರಲ್ಲ, ಅದಕ್ಕೆ. ಅವರು ಅವನ ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಕೂರಿಸಿ, ಅದರೊಳಗೆ ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳಿದ್ದರು: "ಮೊದಲನೆಯದು ಚೆನ್ನಾಗಿದೆಯೋ, ಎರಡನೆಯದೋ?" ಮೊದಮೊದಲು ಹೇಳುವುದು ಸುಲಭವಾಗಿತ್ತು. ಆಮೇಲೊಂದು ಸಲ ಎರಡೂ ಒಂದೇ ಥರ ಕಂಡಿತು. ಒಂದೇ ಥರ ಕಾಣುವುದು ತನ್ನ ದಡ್ಡತನ ಎಂದು ಅವನಿಗೆ ಅನಿಸಿತು. ವ್ಯತ್ಯಾಸ ಇಲ್ಲದಿದ್ದರೆ ದೊಡ್ಡವರು ಯಾಕೆ ಕೇಳುತ್ತಾರೆ? ಹಿಂದೆ ಅಪ್ಪ ಉಸ್ಸೆಂದು ಉಸಿರು ಬಿಡುತ್ತಿದ್ದರು. ಅವನು "ಎರಡನೇದು" ಎಂದುಬಿಟ್ಟ. ಮೇಷ್ಟ್ರು "ಶಹಭಾಷ್ ಮರಿ" ಎಂದು ಬೆನ್ನು ತಟ್ಟಿ ಇನ್ನೊಂದು ಗಾಜು ಸೇರಿಸಿದರು.

ಅಲ್ಲಿಂದ ಮುಂದೆ ಮೂವತ್ತೊಂದು ವರ್ಷ, ಗೊತ್ತಾಗದಾಗಲೆಲ್ಲ ಅವನು ಹೇಳಿದ್ದು ಎರಡನೇದು. ಅನುಮಾನ ಬರಬಾರದೆಂದು ನಡುನಡುವೆ ಒಂದು ಮೊದಲನೇದು. ಎರಡೆರಡು ವರ್ಷಕ್ಕೆ ಗಾಜು ದಪ್ಪವಾಗುತ್ತ ಬಂದಿತ್ತು.

ಮರುದಿನ ಸಂಜೆ ಅವನೂ ಅತ್ತೆಯೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಮೇಷ್ಟ್ರಿಗೆ ಈಗ ಎಪ್ಪತ್ತು ದಾಟಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ಗಾಜನ್ನು ಎರಡೇ ಬೆರಳಲ್ಲಿ ಹಿಡಿಯುವ ಹಳೆಯ ಚಳಕ ಮರೆತಿರಲಿಲ್ಲ.

"ಬಾ ಮರಿ," ಎಂದರು. "ಇವರ ಕಣ್ಣು ನನ್ನ ಕೈಲಿ ಬೆಳೆದದ್ದು ಅಮ್ಮಾ," ಎಂದು ಅತ್ತೆಗೆ ಹೇಳಿದರು. "ಇವರ ಅಪ್ಪ ಕೈ ಹಿಡ್ಕೊಂಡು ಕರ್ಕೊಂಡು ಬಂದಾಗ ಇಷ್ಟೇ ಇಷ್ಟಿದ್ರು. ಇಷ್ಟು ವರ್ಷದಲ್ಲಿ ಒಂದು ದಿನ ಕನ್ನಡಕ ಸರಿ ಇಲ್ಲ ಅಂತ ಬಂದವರಲ್ಲ. ನಾನು ಕೊಟ್ಟ ನಂಬರು ತಪ್ಪಿದ್ದೂ ಇಲ್ಲ ಅನ್ನಿ."

"ಹಂಗಾದ್ರೆ ಮೊದಲು ನನ್ನನ್ನ ನೋಡಿ, ನಿಮ್ಮ ಕೈ ಹೆಂಗಿದೆ ಗೊತ್ತಾಗ್ಲಿ," ಎಂದು ಅತ್ತೆ ಎದ್ದು ಕುರ್ಚಿಯಲ್ಲಿ ಕೂತೇಬಿಟ್ಟರು.

ಕಬ್ಬಿಣದ ಚೌಕಟ್ಟು ಅತ್ತೆಯ ಮೂಗಿನ ಮೇಲೆ ಕೂತಿತು. ಮೇಷ್ಟ್ರು ಅವರ ಕೈಗೆ ಸಣ್ಣ ಅಕ್ಷರದ ರಟ್ಟು ಕೊಟ್ಟು ಗಾಜು ಬದಲಾಯಿಸತೊಡಗಿದರು.

"ಮೊದಲನೆಯದೋ, ಎರಡನೆಯದೋ?"

"ಎರಡನೇದು."

"ಈಗ?"

"ಮೊದಲನೇದು. ಎರಡನೇದರಲ್ಲಿ ನೀರೊಳಗೆ ಮುಳುಗಿದ ಹಂಗೆ ಇದೆ."

"ಈಗ?"

ಅತ್ತೆ ಸ್ವಲ್ಪ ಹೊತ್ತು ನೋಡಿದರು. ಬೆಂಚಿನ ಮೇಲೆ ಕೂತ ಅವನು ಮುಂದಕ್ಕೆ ಬಾಗಿದ. ಎರಡನೇದು ಅಂದುಬಿಡಿ ಅತ್ತೆ, ಎಂದು ಮನಸ್ಸಿನಲ್ಲೇ ಹೇಳಿದ.

"ಏನ್ರೀ ನೀವು, ಎರಡೂ ಒಂದೇ ಥರ ಇದೆ," ಎಂದರು ಅತ್ತೆ. "ಸುಮ್ನೆ ಕೇಳಿದ್ದೇ ಕೇಳ್ತೀರಲ್ಲ, ನನ್ನ ಪರೀಕ್ಷೆ ಮಾಡ್ತಿದೀರಾ?"

ಮೇಷ್ಟ್ರ ಮುಖ ಅರಳಿತು. "ಅಲ್ಲಿಗೆ ಮುಗೀತು! ಅದೇ ಮಾತು ಬೇಕಾಗಿತ್ತು ನನಗೆ. ಎರಡೂ ಒಂದೇ ಥರ ಕಂಡರೆ ಸರಿಯಾದ ನಂಬರು ಸಿಕ್ತು ಅಂತ ಅರ್ಥ ತಾಯೀ. ಅಲ್ಲೇ ನಿಲ್ಲಿಸಬೇಕು."

ಅವನ ಕೈ ತಾನಾಗಿಯೇ ತನ್ನ ಕನ್ನಡಕಕ್ಕೆ ಹೋಯಿತು.

ಅಲ್ಲೇ ನಿಲ್ಲಿಸಬೇಕು. ಅಂದರೆ ಹನ್ನೊಂದನೇ ವಯಸ್ಸಿನಲ್ಲಿ ತಾನು ನಾಚಿಕೊಂಡು ನುಂಗಿದ ಮಾತೇ ಸರಿಯುತ್ತರ. ಅದನ್ನು ಹೇಳಿದ್ದರೆ ಅಂದೇ ಅಲ್ಲೇ ನಿಲ್ಲುತ್ತಿತ್ತು. ಹೇಳದೆ ಇದ್ದದ್ದಕ್ಕೆ ಒಂದರ ಮೇಲೊಂದು ಗಾಜು. ಹಾಗಾದರೆ ಈ ಮೂವತ್ತೊಂದು ವರ್ಷ ತಾನು ನೋಡಿದ್ದು ಏನು? ಮದುವೆಯ ದಿನ ನೋಡಿದ ಹೆಂಡತಿಯ ಮುಖ? ಆಸ್ಪತ್ರೆಯ ಮಂಚದಲ್ಲಿ ಕೊನೆಗೆ ನೋಡಿದ ಅಪ್ಪನ ಮುಖ? ಅವೆಲ್ಲ ಸರಿಯಾಗಿ ಕಂಡಿದ್ದವೋ, ಕಂಡಿದೆ ಎಂದು ತಾನೇ ಹೇಳಿಕೊಂಡದ್ದೋ?

"ಎದ್ದೇಳಿ ಅಳಿಯಂದ್ರೇ," ಅತ್ತೆ ಭುಜ ಮುಟ್ಟಿದರು. "ಎಲ್ಲಿ ಹೋಗಿದೀರಿ? ನಿಮ್ಮ ಸರದಿ."

ಅವನು ಕೂತ. ಚೌಕಟ್ಟಿನ ತಣ್ಣಗಿನ ಭಾರ ಮೂಗಿಗೆ ಪರಿಚಿತವಾಗಿತ್ತು. ಮೇಷ್ಟ್ರು ಹಳೆಯ ನಂಬರಿನ ಗಾಜು ಹಾಕಿದರು, ಬದಲಾಯಿಸಿದರು. "ಮೊದಲನೆಯದೋ, ಎರಡನೆಯದೋ?"

ಸೋಮವಾರದ ಇಪ್ಪತ್ತು ಬಟ್ಟಲು ಕಣ್ಣ ಮುಂದೆ ಬಂದವು. ನಾಲಿಗೆಯ ತುದಿಯವರೆಗೆ ಎರಡನೇದು ಬಂತು. ಅದನ್ನು ಹಿಂದಕ್ಕೆ ನುಂಗಿದ.

"ಎರಡೂ ಒಂದೇ ಥರ ಇದೆ ಮೇಷ್ಟ್ರೇ."

ಮೇಷ್ಟ್ರ ಕೈ ನಿಂತಿತು. "ಒಂದೇ ಥರ?"

"ಹೂಂ."

ಅವರು ಗಾಜಿನ ಬಲ ಸ್ವಲ್ಪ ಇಳಿಸಿದರು. "ಈಗ?"

"ಒಂದೇ ಥರ."

ಮತ್ತೂ ಇಳಿಸಿದರು. ಅದೂ ಒಂದೇ ಥರ. ಮತ್ತೂ. ಗೋಡೆಯ ಕೊನೆಯ ಸಾಲನ್ನು ಅವನು ಆಗಲೂ ಓದಿದ, ಅಕ್ಷರ ಮೊದಲಿಗಿಂತ ತುಸು ದೊಡ್ಡದಾಗಿಯೇ ಇತ್ತು. ಸಣ್ಣ ಅಕ್ಷರದ ರಟ್ಟನ್ನು ಕೈಗೆ ಕೊಟ್ಟಾಗ ಅದು ಕಣ್ಣು ಕಿರಿದು ಮಾಡದೆ ಸಲೀಸಾಗಿ ಓದಿಸಿಕೊಂಡಿತು. ಇನ್ನೊಂದು ಮೆಟ್ಟಿಲು ಇಳಿಸಿದಾಗ ಮಾತ್ರ ಗೋಡೆಯ ಅಕ್ಷರ ಮಸುಕಾಯಿತು. ಮೇಷ್ಟ್ರು ಮಸುಕಾದಲ್ಲಿಂದ ಹಿಂದಕ್ಕೆ ಬಂದು, ಎಲ್ಲ ಬಿಚ್ಚಿ, ಮೊದಲಿನಿಂದ ಇನ್ನೊಮ್ಮೆ ನೋಡಿದರು. ಮೂರನೇ ಸಲವೂ ನೋಡಿದರು. ಆಮೇಲೆ ಮೇಜಿನ ಖಾನೆಯೆಳೆದು ಅವನ ಚೀಟಿಗಳ ಕಟ್ಟು ತೆಗೆದರು. ಹದಿನೈದೋ ಹದಿನಾರೋ ಚೀಟಿಗಳು, ಎಲ್ಲವೂ ಅವರದೇ ದುಂಡು ಅಕ್ಷರ.

"ಒಂದೂವರೆ ನಂಬರು ಕಮ್ಮಿ ಬರ್ತಿದೆ," ಎಂದರು. "ಗಾಜಿನ ಬಲ ಜಾಸ್ತಿಯಾಗಿಯೇ ಹತ್ತಿರದ್ದು ಮಂಜಾಗ್ತಿತ್ತು." ಚೀಟಿಗಳನ್ನು ಮತ್ತೆ ತಿರುವಿದರು. "ಈ ವಯಸ್ಸಲ್ಲಿ ನಂಬರು ಹೀಗೆ ಇಳಿಯೋದಿಲ್ಲ ಮರಿ."

"ಕಣ್ಣು ಒಳ್ಳೇದಾದ್ರೆ ಖುಷಿ ಪಡೋದು ಬಿಟ್ಟು ಏನ್ರೀ ಇದು," ಅತ್ತೆ ಹೇಳಿದರು.

ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಅವರು ತಮ್ಮ ಬಲಗೈಯನ್ನು ದೀಪದ ಕೆಳಗೆ ಚಾಚಿ, ನಡುಗುತ್ತಿದೆಯೇ ಎಂದು ನೋಡುತ್ತಿದ್ದರು. ನಡುಗುತ್ತಿರಲಿಲ್ಲ.

"ಹೋದ ಸಲ ನಾನೇ ತಪ್ಪಿದೆನೋ ಏನೋ," ಎಂದರು. "ಅದರ ಹಿಂದಿನ ಸಲವೂ... ಯಾವ ಸಲದಿಂದಲೋ."

ಅವನು ಬಾಯಿ ತೆರೆದ. ಏನೆಂದು ಹೇಳುವುದು? ನಿಮಗೆ ಸುಳ್ಳು ಹೇಳಿದ್ದೆ ಅಂತಲೋ? ಸುಳ್ಳು ಹೌದೋ ಅಲ್ಲವೋ ಅದೂ ಸರಿಯಾಗಿ ತಿಳಿಯದು. ಒಮ್ಮೊಮ್ಮೆ ನಿಜವಾಗಿಯೂ ಎರಡನೇದು ಚೆನ್ನಾಗಿದೆ ಎಂದೇ ಅನಿಸಿರಲಿಲ್ಲವೇ? ಹೇಳಿ ಹೇಳಿ ಹಾಗೆ ಅನಿಸಿತೋ, ಅನಿಸಿದ್ದಕ್ಕೆ ಹೇಳಿದೆನೋ?

"ಇರಲಿ ಬಿಡಿ ಮೇಷ್ಟ್ರೇ," ಎಂದಷ್ಟೇ ಹೇಳಿದ.

"ಶನಿವಾರ ಬಾ," ಎಂದು ಅವರು ಹೊಸ ಚೀಟಿ ಬರೆದರು. ಬರೆದದ್ದನ್ನು ಎರಡು ಸಲ ಓದಿ ನೋಡಿಕೊಂಡರು.

ಹೊಸ ಕನ್ನಡಕ ಹಾಕಿಕೊಂಡಾಗ ಎಲ್ಲವೂ ಒಂದು ಸುತ್ತು ದಪ್ಪಗಾಗಿತ್ತು. ಅವನ ಕೈಗಳು ಬೇರೆ ಯಾರದೋ ಕೈಗಳಂತಿದ್ದವು. ಮನೆಯ ಮೆಟ್ಟಿಲು ಇದ್ದಲ್ಲಿ ಇರಲಿಲ್ಲ. ಕಾಲು ಎತ್ತಿಟ್ಟರೆ ಮೆಟ್ಟಿಲು ಮೊದಲೇ ಬಂದು ತಾಗುತ್ತಿತ್ತು. ಹೆಂಡತಿ ತಟ್ಟೆ ಇಡಲು ಬಾಗಿದಾಗ ಅವಳ ಕೆನ್ನೆಯ ಮೇಲೆ ಸಣ್ಣ ಕಲೆಯೊಂದು ಕಂಡಿತು.

"ಇದು ಯಾವಾಗ ಆಯ್ತು?"

"ಯಾವುದು? ಇದಾ? ಹುಟ್ಟಿದಾಗಿಂದ ಇದೆ," ಅವಳು ಅವನನ್ನೇ ನೋಡಿದಳು. "ನಿಮಗೇನಾಗಿದೆ?"

"ಅತ್ತೆ ದಪ್ಪ ಆಗಿದಾರೆ," ಎಂದ ಮಾತು ತಪ್ಪಿಸಲು.

"ಅಳಿಯಂದ್ರೇ, ಕನ್ನಡಕ ವಾಪಸ್ ಕೊಟ್ಟು ಬನ್ನಿ," ಎಂದರು ಅತ್ತೆ ತಮ್ಮ ಹೊಸ ಕನ್ನಡಕದ ಮೇಲಿಂದ ಕಣ್ಣು ಬಿಟ್ಟು. ಅವರ ಸೂಜಿಗೆ ಈಗ ತೂತು ಬಂದಿತ್ತು.

ಸೋಮವಾರ ಸೂಪರ್‌ವೈಸರ್ ಹೇಳಿದ ಹಾಗೆ ಇಪ್ಪತ್ತು ಬಟ್ಟಲು ತಂದಿಟ್ಟರು. ಪಕ್ಕದಲ್ಲಿ ಫ್ಯಾನು ಹುಯಿಲಿಡುತ್ತಿತ್ತು. ಮೊದಲನೆಯ ಬಟ್ಟಲು ಎತ್ತಿಕೊಂಡ. ಅದರ ಮೈತುಂಬ ಏನೇನೋ ಇತ್ತು. ಚುಕ್ಕಿ, ಗುಳಿ, ಗೀರು, ಬಣ್ಣ ನಿಂತ ಜಾಗ. ಎರಡನೆಯದರಲ್ಲೂ ಅಷ್ಟೇ. ಈ ಪಿಂಗಾಣಿ ಇಷ್ಟು ಒರಟೇ? ಹದಿನೆಂಟು ವರ್ಷ ಇದನ್ನೇ ಹಾಲಿನಂತೆ ನುಣುಪು ಎಂದುಕೊಂಡಿದ್ದೆನಲ್ಲ. ಕೈಗೆ ಬಂದದ್ದನ್ನೆಲ್ಲ ಎಡಗಡೆ ಇಡತೊಡಗಿದ.

"ಏನಪ್ಪಾ, ಒಂದೂ ಪಾಸಾಗ್ಲಿಲ್ವಾ?" ಸೂಪರ್‌ವೈಸರ್ ಕೇಳಿದರು.

"ಸ್ವಲ್ಪ ನಿಲ್ಲಿ ಸಾರ್." ಎಲ್ಲವನ್ನೂ ಮತ್ತೆ ಎದುರಿಗೆ ಎಳೆದುಕೊಂಡ. ಕಣ್ಣು ಮುಚ್ಚಿ ತೆರೆದ. ಈ ಸಲ ಆತುರಪಡಲಿಲ್ಲ. ಗೀರಿಗೆ ಆಳವಿಲ್ಲ, ಅದು ಬೆಳಕಿಗೆ ಮಿಂಚಿ ಮಾಯವಾಗುತ್ತದೆ. ಬಿರುಕು ಹಾಗಲ್ಲ, ಬಟ್ಟಲಿನ ಜೊತೆ ತಿರುಗಿ, ಅಂಚು ದಾಟಿ ಒಳಗೂ ಇಳಿಯುತ್ತದೆ. ಅದನ್ನು ಅವನು ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಏಳು ಬಟ್ಟಲುಗಳನ್ನು ಎಡಗಡೆ ಇಟ್ಟ.

"ನಾನು ಇಟ್ಟದ್ದು ಆರೇ ಒಡಕು," ಎಂದರು ಸೂಪರ್‌ವೈಸರ್. ಪ್ಯಾಕಿಂಗ್ ಅಕ್ಕ ಕಾಗದ ಸುತ್ತುವುದನ್ನು ನಿಲ್ಲಿಸಿದಳು.

ಸೂಪರ್‌ವೈಸರ್ ಏಳನೆಯದಕ್ಕೆ ಶಾಯಿ ಬಳಿದು, ಒದ್ದೆ ಬಟ್ಟೆಯಿಂದ ಒರೆಸಿದರು. ಶಾಯಿ ಹೋಯಿತು. ಹಿಡಿಕೆಯ ಬುಡದ ಬಿರುಕಿನಲ್ಲಿ ಮಾತ್ರ ಎಳೆಯಷ್ಟು ನೀಲಿ ಗೆರೆ ಉಳಿಯಿತು.

"ಅಬ್ಬಾ," ಎಂದರು ಅವರು. "ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ ಮಾರಾಯ. ಸ್ಟೂಲು ನಿಂದೇ."

"ಇನ್ನು ನಿನ್ನನ್ನ ಸೋಡಾ ಅನ್ನೋ ಹಾಗಿಲ್ಲ, ಗಾಜು ತೆಳ್ಳಗಾಗಿದೆ," ಎಂದಳು ಪ್ಯಾಕಿಂಗ್ ಅಕ್ಕ. "ಬೇರೆ ಹೆಸರು ಹುಡುಕಬೇಕು."

ಅವನಿಗೆ ನಗು ಬಂತು. ಆದರೆ ಸಂಜೆಯವರೆಗೂ ಪ್ರತಿ ಬಟ್ಟಲು ಎತ್ತಿದಾಗ ಮೇಷ್ಟ್ರು ದೀಪದ ಕೆಳಗೆ ಚಾಚಿದ ಕೈ ನೆನಪಾಗುತ್ತಿತ್ತು. ಈ ವಾರ ಹೋಗಿ ಹೇಳಿಬರಬೇಕು ಎಂದುಕೊಂಡ. ಆ ವಾರ ಕಳೆಯಿತು, ಮುಂದಿನದೂ ಕಳೆಯಿತು.

ತಿಂಗಳ ಮೇಲೆ ಅತ್ತೆಯ ಕನ್ನಡಕದ ತಿರುಪು ಸಡಿಲವಾಯಿತು. ಅದೇ ನೆಪವಾಯಿತು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಹೋದ. ರಸ್ತೆಯ ಆಚೆ ಬದಿಯಿಂದಲೇ ಅಂಗಡಿಯ ಒಳಗೆಲ್ಲ ಕಂಡಿತು. ಗಾಜು ಬದಲಾಯಿಸುತ್ತ ನಿಂತಿದ್ದವರು ಮೇಷ್ಟ್ರಲ್ಲ, ಅವರ ಮಗಳು. ಪಕ್ಕದ ಊರಿನ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಮೇಷ್ಟ್ರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಚೌಕಟ್ಟುಗಳನ್ನು ಒರೆಸುತ್ತಿದ್ದರು.

"ಬಾ ಮರಿ, ಬಾ. ಸರಿಯಾಗಿ ಕಾಣ್ತಿದೆಯಾ?"

"ಚೆನ್ನಾಗಿ ಕಾಣ್ತಿದೆ ಮೇಷ್ಟ್ರೇ. ನೀವು ಇಲ್ಲಿ?"

"ನಾನು ನೋಡೋದು ಬಿಟ್ಟೆ." ಅತ್ತೆಯ ಕನ್ನಡಕ ತೆಗೆದುಕೊಂಡು ಬೆರಳಿಂದಲೇ ತಿರುಪು ಹುಡುಕಿದರು. "ನಿನ್ನ ಚೀಟಿ ಎಲ್ಲ ಮಗಳಿಗೆ ತೋರಿಸಿದೆ. ಅವಳು ಏನೂ ಅನ್ಲಿಲ್ಲ ಪಾಪ. ಆದ್ರೆ ನನಗೆ ಗೊತ್ತಾಗಲ್ವಾ? ಒಬ್ಬರದು ಹೀಗಾಗಿದ್ರೆ ಇನ್ನೆಷ್ಟು ಜನರದು ಹೀಗಾಗಿದೆಯೋ. ಬಂದವರನ್ನೆಲ್ಲ ವಾಪಸ್ ಕರೆದು ನೋಡಿಸ್ತಾ ಇದೀನಿ."

"ಬೇರೆಯವರದು ಸರಿ ಇದೆಯಾ?"

"ಇಲ್ಲೀವರೆಗೂ ಎಲ್ಲರದೂ ಸರಿ ಇದೆ. ಅದೇ ತಿಳೀತಾ ಇಲ್ಲ." ತಿರುಪು ಬಿಗಿ ಮಾಡಿ ಅವನ ಮುಖ ನೋಡಿದರು. "ಒಂದು ಮಾತು ಕೇಳ್ತೀನಿ, ಮುಚ್ಚುಮರೆ ಮಾಡಬೇಡ. ಯಾವ ವರ್ಷದಿಂದ ನಿನಗೆ ಸರಿಯಾಗಿ ಕಾಣ್ತಿರಲಿಲ್ಲ? ಗೊತ್ತಾದ್ರೆ ನನ್ನ ಕೈ ಯಾವಾಗ ಕೆಟ್ಟಿತು ಅಂತಾದ್ರೂ ತಿಳಿಯುತ್ತೆ."

ಅವರ ಕಣ್ಣಿನ ಸುತ್ತಲ ಸುಕ್ಕು, ರೆಪ್ಪೆಯ ಬಿಳಿ ಕೂದಲು, ಕರಿಗುಡ್ಡೆಯ ಸುತ್ತಲಿನ ಬೂದು ಉಂಗುರ, ಎಲ್ಲವೂ ಸ್ಪಷ್ಟವಾಗಿ ಕಂಡಿತು. ಇಷ್ಟು ಹತ್ತಿರದಿಂದ ಇಷ್ಟು ಚೆನ್ನಾಗಿ ಅವನು ಅವರನ್ನು ಎಂದೂ ನೋಡಿರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಮೊದಲು ಯಾವುದನ್ನು ಹೇಳಬೇಕೆಂದು ತಿಳಿಯಲಿಲ್ಲ. ಒಳಗೆ ಮಗಳು ಯಾರನ್ನೋ ಕೇಳುತ್ತಿದ್ದಳು, "ಮೊದಲನೆಯದೋ, ಎರಡನೆಯದೋ?"

"ನೆನಪಿಲ್ಲ ಮೇಷ್ಟ್ರೇ," ಎಂದ.

ಅವರು ತಲೆಯಾಡಿಸಿ ಕನ್ನಡಕವನ್ನು ಅವನ ಕೈಗಿಟ್ಟರು. ಅವನು ರಸ್ತೆ ದಾಟಿ ಮನೆಗೆ ನಡೆದ. ಆಮೇಲೆ ಎಷ್ಟೋ ಸಲ ಆ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತ, ಚಹಾ ಕುಡಿದ, ಅತ್ತೆಯ ಸುದ್ದಿ ಹೇಳಿ ಅವರನ್ನು ನಗಿಸಿದ. ಕೆಟ್ಟದ್ದು ಅವರ ಕೈಯಲ್ಲ, ಹನ್ನೊಂದನೇ ವಯಸ್ಸಿನಿಂದ ತಾನೇ ಕಾಣದ ವ್ಯತ್ಯಾಸವನ್ನು ಕಂಡೆ ಎನ್ನುತ್ತ ಬಂದಿದ್ದೆ ಎಂದು ಮಾತ್ರ ಅವನು ಹೇಳಲೇ ಇಲ್ಲ.